ಗಾಡಿಮನೆಯ ಕರೆಂಟು

ಗಾಡಿಮನೆಯ ವೈರಿಂಗನ್ನು ಪ್ರಭಾವತಿ ತನ್ನ ಕೈಯಾರೆ ಮಾಡಿದ್ದಳು. ಬೆಂಗೇರಿಯ ವೆಲ್ಡರ್ ಖಾದರಬಾಷಾನ ಶೆಡ್ಡಿನಲ್ಲಿ ಗಾಲಿ, ಚಾಸಿ, ತಗಡಿನ ಗೋಡೆ, ಕಿಟಕಿ ಎಲ್ಲ ಎದ್ದು ನಿಂತ ಮೇಲೆ ಸೆರಗು ಬಿಗಿದು ಒಳಗೆ ಹೋದವಳು, ಮೊದಲ ತಂತಿ ಎಳೆಯುವುದರಿಂದ ಹಿಡಿದು ಕೊನೆಯ ಸ್ಕ್ರೂ ಬಿಗಿಯುವವರೆಗೆ ಬೇರೆ ಯಾರ ಕೈಯನ್ನೂ ತಾಗಿಸಿರಲಿಲ್ಲ. ಐ.ಟಿ.ಐ.ಯಲ್ಲಿ ಹುಡುಗರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸಿ ನಿವೃತ್ತಳಾದವಳು ಅವಳು. ಖಾದರಬಾಷಾ ಅವಳನ್ನು, ಟೀಚರಮ್ಮನಿಗೆ ಅನ್ನುವ ಹಾಗೆ, ‘ಬಾಯಾರ’ ಎಂದೇ ಕರೆಯುತ್ತಿದ್ದ. ಅವನ ತಮ್ಮ ಅವಳ ಹತ್ತಿರ ಕಲಿತವನು.

ಗಾಡಿಮನೆ ಎಂಬ ಹೆಸರಿಟ್ಟದ್ದೂ ಅವಳೇ. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಎರಡು ಮಂಚ, ಒಂದು ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ನೀರಿನ ಪಂಪು, ಫ್ಯಾನು. ಛಾವಣಿಯ ಮೇಲೆ ಸೋಲಾರ್ ಹಲಗೆ, ಮುಂದೆ ಕೊಂಡಿಯ ಹತ್ತಿರ ಕಬ್ಬಿಣದ ಪೆಟ್ಟಿಗೆಯೊಳಗೆ ಬ್ಯಾಟರಿ. ಅದರ ಪಕ್ಕದಲ್ಲೇ ಜಾಕಿ, ಪಾನಾ ಥರದ ಸಾಮಾನು ಇಡುವ ಇನ್ನೊಂದು ಪೆಟ್ಟಿಗೆ. ಕೊಂಡಿ ಹಾಕುವುದು, ಜಾಕಿ ಕೊಡುವುದು, ಗಾಳಿ ನೋಡುವುದು, ಗಾಡಿ ಹೊಡೆಯುವುದು ಗಂಡ ಉಡಚಪ್ಪನ ಪಾಲು. ಕರೆಂಟಿನ ಜಗತ್ತೆಲ್ಲ ಅವಳದು.

ಉಡಚಪ್ಪ ಸಾರಿಗೆ ಬಸ್ಸಿನ ಚಾಲಕನಾಗಿದ್ದವನು. ವೃತ್ತಿಯುದ್ದಕ್ಕೂ ಅವನು ಪಣಜಿ, ಪುಣೆ, ಮಂತ್ರಾಲಯ, ಮಂಗಳೂರು ಎಂದು ಊರೂರು ತಿರುಗಿದರೆ ಪ್ರಭಾವತಿ ಸತ್ತೂರಿನ ಮನೆಯಿಂದ ಐ.ಟಿ.ಐ.ಗೆ, ಐ.ಟಿ.ಐ.ಯಿಂದ ಮನೆಗೆ ತಿರುಗಿದ್ದಳು. ಡ್ಯೂಟಿ ಮುಗಿಸಿ ಬಂದು ಅವನು ಊಟಕ್ಕೆ ಕೂತಾಗ, “ಇವತ್ತು ಎಲ್ಲಿ ತನಕ ಹೋಗಿದ್ರಿ? ಅಲ್ಲಿ ಏನೇನೈತ್ರಿ?” ಎಂದು ಕೇಳುತ್ತಿದ್ದಳು. ಅವನು ಬಸ್ ಸ್ಟ್ಯಾಂಡಿನ ಕ್ಯಾಂಟೀನು ಬಿಟ್ಟು ಬೇರೇನೂ ನೋಡಿರುತ್ತಿರಲಿಲ್ಲ. ಆದರೂ ಹೊಳೆ, ಗುಡಿ, ಘಟ್ಟ ಎಂದು ಏನಾದರೊಂದು ಹೇಳುತ್ತಿದ್ದ. “ರಿಟೈರ್ಡ್ ಆದ ಮ್ಯಾಲ ಎಲ್ಲಾ ತೋರಸ್ತೇನಿ,” ಎನ್ನುತ್ತಿದ್ದ. ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮೊದಲ ಸಲ ಹೊರಟದ್ದು ಬನವಾಸಿಗೆ. ವರದಾ ನದಿಯ ಕಡೆ ಒಂದು ಮಾವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಪ್ರಭಾವತಿ ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿಟ್ಟು, ಸಂಜೆಯ ಬೆಳಕು ಕಂದುವ ಹೊತ್ತಿಗೆ ಸ್ವಿಚ್ಚು ಒತ್ತಿದಳು. ದೀಪ ಹತ್ತಿತು. ತನ್ನ ವೈರಿಂಗಿನ ದೀಪ, ಗುರುತು ಪರಿಚಯ ಇಲ್ಲದ ಊರಿನಲ್ಲಿ. ಅದನ್ನು ನೋಡುತ್ತಾ ಬಾಗಿಲಲ್ಲಿ ಕೂತಳು. ಅರ್ಧ ಗಂಟೆಯಾಗಿರಬೇಕು, ಎಲ್ಲ ಒಮ್ಮೆಗೇ ಆರಿತು. ಫ್ಯಾನು ನಿಂತಿತು. ಪಂಪು ಉಸಿರೆತ್ತಲಿಲ್ಲ.

“ಏನಾತು?” ಹೊರಗೆ ಗಾಲಿಗೆ ಕಲ್ಲು ಕೊಡುತ್ತಿದ್ದ ಉಡಚಪ್ಪ ಕೇಳಿದ.

“ತಡೀರಿ, ನೋಡ್ತೇನಿ.”

ಗಾಬರಿಯಾಗುವ ಹೆಂಗಸಲ್ಲ ಅವಳು. ಹುಡುಗರಿಗೆ ಕಲಿಸಿದ್ದೇ ಅದು: ಮೂಲದಿಂದ ಹೊರಡಬೇಕು, ಒಂದೊಂದೇ ಹೆಜ್ಜೆ ಮುಂದೆ ಬರಬೇಕು, ನಡುವೆ ಜಿಗಿಯಬಾರದು. ಮೊದಲು ಬ್ಯಾಟರಿಗೆ ಮೀಟರು ಹಚ್ಚಿದಳು. ತುಂಬಿತ್ತು. ಒಳಗಿನ ಫ್ಯೂಸುಗಳನ್ನು ತೆಗೆದು ಒಂದೊಂದನ್ನೇ ಪರೀಕ್ಷಿಸಿದಳು. ಒಂದೂ ಸುಟ್ಟಿರಲಿಲ್ಲ. ಪ್ಲಸ್ ತಂತಿಯಲ್ಲಿ ಕರೆಂಟು ಫ್ಯೂಸಿನ ತನಕ ನೆಟ್ಟಗೆ ಬರುತ್ತಿತ್ತು. ಅಂದರೆ ಹೋಗುವ ದಾರಿ ಸರಿಯಿದೆ, ತಿರುಗಿ ಬ್ಯಾಟರಿಗೆ ಬರುವ ದಾರಿ ಎಲ್ಲೋ ಕಡಿದಿದೆ. ಬ್ಯಾಟರಿಯ ಮೈನಸ್ ತಂತಿ ಚಾಸಿಯ ಕೆಳಗಿನ ಕಬ್ಬಿಣದ ಪೈಪಿನೊಳಗೆ ಹಾದು, ಮುಂಭಾಗದಲ್ಲೇ ಒಂದು ಬೋಲ್ಟಿಗೆ ಸೇರುತ್ತಿತ್ತು. ಧೂಳು, ತುಕ್ಕು, ರಸ್ತೆಯ ಅಲುಗಾಟ, ಇಂಥ ಗಾಡಿಯಲ್ಲಿ ಮೊದಲು ಕೈಕೊಡುವುದು ಅದೇ.

ನೆಲಕ್ಕೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು. ಉಡಚಪ್ಪ ಮುಂದೆ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದ. ಅವಳು ಬೋಲ್ಟು ಬಿಚ್ಚಿ, ಉಸುಕಿನ ಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದಳು. ಕಣ್ಣಿಗೆ ಮಣ್ಣು ಬಿತ್ತು, ಬೆರಳು ತರಚಿತು.

“ಬಂತು! ಬಂತ ನೋಡು ಪ್ರಭಾ!” ಉಡಚಪ್ಪ ಕೂಗಿದ.

ಮಲಗಿದ್ದಲ್ಲಿಂದಲೇ ಅವಳಿಗೆ ಕಿಟಕಿಯ ಬೆಳಕು ಹುಲ್ಲಿನ ಮೇಲೆ ಬಿದ್ದದ್ದು ಕಾಣಿಸಿತು. ಹುಡುಗಿಯಂತೆ ನಕ್ಕಳು. “ಐತೇನ್ರೀ ಕೈಯಾಗ ಇನ್ನೂ ಕಸುವು?” ಎಂದಳು. “ಐತವ್ವಾ, ಐತಿ,” ಎಂದು ಅವನು ಅವಳ ಬೆನ್ನಿನ ಮಣ್ಣು ಕೊಡವಿದ.

ಊಟ ಮುಗಿಯುವಷ್ಟರಲ್ಲಿ ಮತ್ತೆ ಹೋಯಿತು. ಈ ಸಲ ಎಷ್ಟು ತಿಕ್ಕಿದರೂ ಬರಲಿಲ್ಲ. ಸೆಖೆ, ಸೊಳ್ಳೆ. ಬೆಳಿಗ್ಗೆ ಉಡಚಪ್ಪ, “ಇರ್ಲಿ ಬಿಡು, ಮನೀಗೆ ಹೋಗಿ ಸಾವಕಾಶ ನೋಡೀಯಂತ,” ಎಂದು ಜೀಪು ತಿರುಗಿಸಿದ. ಗುಡಿಯನ್ನು ಸಹ ನೋಡದೆ ಹಿಂದಿರುಗಿದರು.

ಮನೆಯ ಅಂಗಳದಲ್ಲಿ ನಿಲ್ಲಿಸಿ ಸ್ವಿಚ್ಚು ಒತ್ತಿದರೆ ಎಲ್ಲವೂ ಸರಿ. ಅಂದೂ ಸರಿ, ಮರುದಿನವೂ ಸರಿ. ಪ್ರಭಾವತಿ ಬೋಲ್ಟಿನ ಪಕ್ಕಕ್ಕೆ ಇನ್ನೊಂದು ಬೋಲ್ಟು ಹಾಕಿದಳು, ತಂತಿಯ ತುದಿಗೆ ಹೊಸ ಲೋಹದ ಉಂಗುರ ಒತ್ತಿ ಕೂರಿಸಿದಳು. ಗಾಡಿಯನ್ನು ಅಲುಗಾಡಿಸಿ ನೋಡಿದಳು, ಸತ್ತೂರಿನ ಹೊಂಡಗಳ ರಸ್ತೆಯಲ್ಲಿ ಸುತ್ತಿಸಿ ನೋಡಿದಳು. ದೀಪ ಮಿಣಿಕ್ ಎನ್ನಲಿಲ್ಲ. ಮನೆಯಲ್ಲಿ ಇಲ್ಲದ ರೋಗ ದಾರಿಯಲ್ಲಿ ಬರುತ್ತದೆಂದರೆ ಅದು ಪೈಪಿನೊಳಗಿನ ತಂತಿಯದೇ ಇರಬೇಕು ಎನ್ನಿಸಿತು.

“ಪೈಪು ಕೊಯ್ಸಿ ತಂತಿ ಪೂರಾ ಹೊರಗ ತಗದು ನೋಡಬೇಕ್ರಿ,” ಎಂದಳು.

“ಛೇ, ಅಷ್ಟು ಛಲೋ ವೆಲ್ಡಿಂಗ್ ಮಾಡ್ಯಾನ ಖಾದರ. ಅದನ್ನ ಕೊಯ್ಸಿದ್ರ ಚಾಸಿನ ಹಾಳಾಗ್ತೈತಿ. ಬ್ಯಾಡ,” ಎಂದ ಉಡಚಪ್ಪ. ಗಾಡಿಯ ವಿಷಯದಲ್ಲಿ ಅವನ ಮಾತೇ ಕೊನೆ.

ಎರಡನೆಯ ಸಲ ಐಹೊಳೆಗೆ ಹೊರಟರು. ಅಲ್ಲಿ ಮೊದಲ ಸಂಜೆ ಏನೂ ಆಗಲಿಲ್ಲ. ಎರಡನೆಯ ಸಂಜೆ, ಪಟ್ಟದಕಲ್ಲು ನೋಡಿಕೊಂಡು ಹಾಗೇ ವಿಜಯಪುರಕ್ಕೂ ಹೋಗಿ ಬರೋಣ ಎಂದು ಅವಳು ಹೇಳಿ ಮುಗಿಸಿದ ಸ್ವಲ್ಪ ಹೊತ್ತಿಗೆ ಎಲ್ಲ ಆರಿತು. ಮತ್ತೆ ಗೋಣಿಚೀಲ, ಮತ್ತೆ ಟಾರ್ಚು. ಈ ಸಲ ಅವಳು ಒಳಗಿನ ಫ್ಯೂಸು ಪೆಟ್ಟಿಗೆಯನ್ನೇ ಬಿಚ್ಚಿ ಹರವಿದಳು. ತಾನು ಹಾಕಿದ ಒಂದೊಂದು ಜೋಡಣೆಯನ್ನೂ ಕಳ್ಳನನ್ನು ನೋಡುವಂತೆ ನೋಡಿದಳು. ಸ್ಕ್ರೂ ಡ್ರೈವರು ಕೈಜಾರಿ ಬಿತ್ತು. ಫ್ರಿಜ್ಜಿನಲ್ಲಿದ್ದ ಹಾಲು ಬೆಳಿಗ್ಗೆಗೆ ಒಡೆದಿತ್ತು.

ಆ ಬೆಳಿಗ್ಗೆ ಅವಳು ಮುಖ ತೊಳೆಯಲು ಬೋರಿಂಗಿನ ಕಡೆ ಹೋಗಿ ಬರುವಾಗ ಉಡಚಪ್ಪ ಫೋನಿನಲ್ಲಿ ಮಾತಾಡುತ್ತಿದ್ದ. ಆ ಕಡೆ ಅವಳ ತಮ್ಮ ಫಕೀರೇಶ.

“ಇಲ್ಲೋ, ಗಾಡಿ ಛಲೋ ಐತಿ. ವೈರಿಂಗಿಂದ ತ್ರಾಸು. ಎಲ್ಲಾ ನಿಮ್ಮ ಅಕ್ಕಾನ ಮಾಡ್ಯಾಳಲ್ಲ... ಹೂಂ... ವಯಸ್ಸಾತು, ಮೊದ್ಲಿನಂಗ ಕೈ ಓಡೂದಿಲ್ಲ. ನಾ ಏನ ಹೇಳಲಿ ಪಾಪ, ಬ್ಯಾಸರ ಮಾಡ್ಕೋತಾಳ.”

ಪ್ರಭಾವತಿ ಮರದ ಮರೆಯಲ್ಲೇ ನಿಂತಳು. ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದುಕೊಂಡಳು. ತನ್ನ ಮುಂದೆ ಅದನ್ನು ಆಡದೆ ನುಂಗಿಕೊಂಡಿದ್ದಾನಲ್ಲ ಎಂದು ಅವನ ಬಗ್ಗೆ ಒಂದಿಷ್ಟು ಮರುಕವೂ ಆಯಿತು.

ಊರಿಗೆ ಬಂದ ಮೇಲೆ ಅವಳು ಮಂಕಾದಳು. ಮಿಕ್ಸರಿನ ಪ್ಲಗ್ಗು ಸಡಿಲವಾದರೂ ತಾನು ಮುಟ್ಟದೆ ಓಣಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅದೇ ದಿನಗಳಲ್ಲಿ ಹಳೆಯ ಸಹೋದ್ಯೋಗಿ ಶಮೀಮ ವಿದ್ಯಾನಗರದಿಂದ ಫೋನು ಮಾಡಿದಳು. ಅಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ತರಬೇತಿ ಕೇಂದ್ರ ನಡೆಸುತ್ತಿದ್ದಳು. “ಮನಿ ವೈರಿಂಗ್ ಕಲಿಸಾಕ ನೀನ ಬರಬೇಕು ನೋಡು. ಹುಡುಗ್ಯಾರು ಹೆಂಗಸರ ಹತ್ರ ಆದ್ರ ಅಂಜಿಕಿ ಇಲ್ದ ಕಲೀತಾರ,” ಎಂದಳು.

“ಒಲ್ಲೆ ಶಮೀಮ. ಈಗ ನನ್ನ ಕೈಲೆ ಆಗೂದಿಲ್ಲ,” ಎಂದಳು ಪ್ರಭಾವತಿ.

“ಯಾಕ? ಆರಾಮ ಇಲ್ಲೇನು?”

“ಆರಾಮ ಅದೇನಿ. ಮರೀತೇನಿ ಈಗ. ತಪ್ಪು ಹೇಳಿಕೊಟ್ರ ಯಾವುದರ ಹುಡುಗೀಗೆ ಶಾಕ್ ಹೊಡದೀತು.”

ಫೋನಿಟ್ಟು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಉಡಚಪ್ಪ ಹೊರಗಿನ ಖೋಲಿಯಲ್ಲಿ ಪೇಪರು ಓದುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಏನೂ ಅನ್ನಲಿಲ್ಲ. ಗಾಡಿಮನೆ ಮಾರಿಬಿಡೋಣ ಎಂದು ಕೆಲವು ದಿನಗಳ ಮೇಲೆ ಅವಳೇ ಹೇಳಿದಾಗ ಮಾತ್ರ, “ನಿನಗ ಹೆಂಗ ಸರಿ ಅನಸ್ತೈತಿ ಹಂಗ,” ಎಂದ.

ಕೊಳ್ಳಲು ಬಂದವನು ವಿನೀತ ಎಂಬ ತರುಣ. ಗಾಡಿಯನ್ನು ವಿದ್ಯಾನಗರದ ಕಾಲೇಜುಗಳ ಹತ್ತಿರ ನಿಲ್ಲಿಸಿ ಚಹಾ-ಕಾಫಿ ಮಾರುವ ಯೋಚನೆ ಅವನದು. ಕಟ್ಟಿದವನೇ ಮುಂದೆ ನಿಂತು ತೋರಿಸಲಿ ಎಂದು ಪ್ರಭಾವತಿ ಖಾದರಬಾಷಾನನ್ನೂ ಕರೆಸಿದ್ದಳು. ಮಧ್ಯಾಹ್ನದ ಹೊತ್ತು. ವಿನೀತ ಹೇಳಿದ್ದಕ್ಕಿಂತ ಬೇಗ ಬಂದ. ಉಡಚಪ್ಪ ಕ್ಷೌರ ಮಾಡಿಸಿಕೊಳ್ಳಲು ಹೋಗಿದ್ದ.

ಪ್ರಭಾವತಿ ಮೊದಲೇ ಹೇಳಿದಳು, “ನೋಡಪಾ, ಮುಚ್ಚಿಟ್ಟು ಮಾರಾಂಗಿಲ್ಲ. ಇದರಾಗ ಒಂದು ದೋಷ ಐತಿ. ದಾರ್‍ಯಾಗ ಕರೆಂಟ್ ಹೋಗ್ತೈತಿ. ಎಲ್ಲಿ ಅಂತ ನನಗ ಸಿಕ್ಕಿಲ್ಲ. ನನ್ನ ವೈರಿಂಗ್ ತಪ್ಪೈತಿ.”

ವಿನೀತ ಒಳಗೆ ಹೋಗಿ ಸ್ವಿಚ್ಚು ಒತ್ತಿ ನೋಡತೊಡಗಿದ. ಖಾದರಬಾಷಾ ಮಾತ್ರ ಹುಬ್ಬು ಗಂಟಿಕ್ಕಿ ನಿಂತ.

“ನಿಮ್ಮ ವೈರಿಂಗ್ ತಪ್ಪಾಗಾಕ ಸಾಧ್ಯನ ಇಲ್ರಿ ಬಾಯಾರ. ಮೇನ್ ಏನರ ಬಂದ್ ಆಗ್ತೈತೇನ್ರಿ ತಾನ?”

“ಯಾವ ಮೇನ್?”

“ಅದ ರೀ, ಲಾರಿಗೆ ಹಾಕ್ತಾರಲ್ಲ, ಬ್ಯಾಟ್ರಿ ಕಟಾಫ್. ಕೆಂಪು ಕೀಲಿದು. ಜಾಕಿ ಪೆಟಗ್ಯಾಗ ಹಾಕೇನಲ್ರಿ. ಆ ಪೈಪು ಅದರ ಹಿಂದಿಂದ ಹಾಯ್ತೈತಿ, ಅಲ್ಲೇ ಮೈನಸ್ ತಂತಿ ಕೊಯ್ದು ಸೇರ್ಸೀನಿ.”

“ಯಾವಾಗ ಹಾಕಿದಿ?”

“ನಿಮ್ಮ ಕೆಲಸ ಮುಗಿದ ಮ್ಯಾಲ್ರಿ. ಬಣ್ಣಕ್ಕ ಗಾಡಿ ನನ್ನ ಹತ್ರ ಇತ್ತಲ್ಲ, ಆವಾಗ. ಉಡಚಪ್ಪ ಕಾಕಾರು ಬಂದು ಹೇಳಿದ್ರು, ಕಳ್ಳರ ಸಲುವಾಗಿ ಒಂದು ಇರ್ಲಿ ಅಂತ. ಬಾಯಾರಿಗೆ ಗೊತ್ತೈತಿ ಅಂದ್ರು.” ಅವನ ದನಿ ನಡುವೆಯೇ ಇಳಿಯಿತು. “ಗೊತ್ತಿದ್ದಿಲ್ಲೇನ್ರಿ?”

ಪ್ರಭಾವತಿ ಮನೆಯೊಳಗೆ ಹೋಗಿ ಮೊಳೆಯಲ್ಲಿ ತೂಗುತ್ತಿದ್ದ ಉಡಚಪ್ಪನ ಕೀಲಿ ಗೊಂಚಲು ತಂದಳು. ಜಾಕಿ ಪೆಟ್ಟಿಗೆಯ ಬೀಗ ತೆಗೆದಳು. ಪಾನಾ ಕಳುವಾಗುತ್ತವೆಂದು ಅವನು ಯಾವಾಗಲೂ ಬೀಗ ಹಾಕುತ್ತಿದ್ದ ಪೆಟ್ಟಿಗೆ. ಜಾಕಿ ಸರಿಸಿ, ಎಣ್ಣೆಬಟ್ಟೆ ಸರಿಸಿದಳು. ಹಿಂದಿನ ತಗಡಿನಲ್ಲಿ ಕೆಂಪು ಕೀಲಿ ಇತ್ತು. ಹಿಡಿದು ತಿರುವಿದಳು.

“ಮೇಡಂ, ಲೈಟ್ ಹೋತ್ರಿ,” ಒಳಗಿಂದ ವಿನೀತ ಕೂಗಿದ.

ಮತ್ತೆ ತಿರುವಿದಳು.

“ಹಾಂ, ಬಂತ್ರಿ.”

ಮತ್ತೊಮ್ಮೆ. ಹೋಯಿತು. ಮತ್ತೊಮ್ಮೆ. ಬಂತು. ಕೀಲಿ ನುಣ್ಣಗೆ ತಿರುಗುತ್ತಿತ್ತು, ಸದ್ದೇ ಇರಲಿಲ್ಲ. ಬನವಾಸಿಯ ಹುಲ್ಲಿನ ಮೇಲೆ ಬಿದ್ದ ಬೆಳಕು ಅವಳ ಕಣ್ಣ ಮುಂದೆ ಬಂತು. ಗಾಡಿಯ ಕೊಂಡಿಯನ್ನೇ ಹಿಡಿದು ಕೂತಳು.

ವಿನೀತನಿಗೆ, “ಇವತ್ತು ಮಾರಾಂಗಿಲ್ಲಪಾ, ತಪ್ಪು ತಿಳಕೋಬ್ಯಾಡ,” ಎಂದು ಹೇಳಿ ಕಳಿಸಿದಳು. ಖಾದರಬಾಷಾ ಹೊರಡಲು ಎದ್ದಾಗ, “ನೀ ಕುಂದ್ರು,” ಎಂದಳು.

ಉಡಚಪ್ಪ ಹೊಸ ಕ್ಷೌರದ ನುಣುಪು ಗಲ್ಲ ಸವರಿಕೊಳ್ಳುತ್ತಾ ಗೇಟಿನೊಳಗೆ ಬಂದ. ತೆರೆದ ಪೆಟ್ಟಿಗೆಯನ್ನು ಕಂಡು ಕಾಲು ನಿಂತಿತು.

“ಅದು ಕಳ್ಳರ ಸಲುವಾಗಿ ಹಾಕ್ಸಿದ್ದು,” ಎಂದ. ಯಾರೂ ಇನ್ನೂ ಏನೂ ಕೇಳಿರಲಿಲ್ಲ.

“ಬನವಾಸ್ಯಾಗ ಯಾವ ಕಳ್ಳ ಬಂದಿದ್ದ?”

ಅವನು ಖಾದರಬಾಷಾನ ಕಡೆ ನೋಡಿದ. ಖಾದರಬಾಷಾ ನೆಲ ನೋಡಿದ.

“ನಾ ಮಣ್ಣಾಗ ಅಂಗಾತ ಬಿದ್ಕೊಂಡು ಬೋಲ್ಟ್ ತಿಕ್ಕಾಕತ್ತಿದ್ದೆ,” ಪ್ರಭಾವತಿಯ ದನಿ ಏರಲಿಲ್ಲ. “ನೀವು ಟಾರ್ಚ್ ಹಿಡ್ಕೊಂಡು ಕುಂತಿದ್ರಿ. ‘ಬಂತ ನೋಡು ಪ್ರಭಾ’ ಅಂದ್ರಿ. ಒಂದು ಕೈಯಾಗ ಟಾರ್ಚ್ ಇತ್ತು. ಇನ್ನೊಂದು ಕೈ ಎಲ್ಲಿತ್ತು?”

ಉಡಚಪ್ಪ ಕಟ್ಟೆಯ ಮೇಲೆ ಕೂತ. ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

“ನನಗ ಸಾಕಾಗೇತಿ ಪ್ರಭಾ. ಜೀವಮಾನಪೂರ್ತಿ ಸ್ಟೇರಿಂಗ್ ಹಿಡದು ಹಿಡದು ಸಾಕಾಗೇತಿ. ಕಂಡ ಊರಾಗ ಮಕ್ಕೊಂಡು, ಕಂಡಲ್ಲೆ ಉಂಡು... ನನ್ನ ಮನ್ಯಾಗ, ನನ್ನ ಹಾಸಿಗ್ಯಾಗ ಇರಬೇಕು ಅನ್ನೂದೊಂದ ಇತ್ತು. ನೀ ನೋಡಿದ್ರ ಅಷ್ಟು ಹಿಗ್ಗಿನಾಗ ಇದ್ದಿ. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಒಂದೆರಡು ಸಲ ಕರೆಂಟ್ ಹೋದ್ರ ನೀನ ಸಾಕು ಅಂತೀ ಅಂತ ಮಾಡಿದ್ದೆ.”

“ಒಲ್ಲೆ ಅಂದಿದ್ರ ನಾಕು ದಿನ ಸಿಟ್ಟಿಗೇಳ್ತಿದ್ದೆ. ಮಾತು ಬಿಡ್ತಿದ್ದೆ. ಆಮ್ಯಾಲ ಸುಮ್ನಾಗ್ತಿದ್ದೆ.” ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. “ತಿರುಗಾಟ ಹೋತಲ್ಲ ಅಂತ ನನಗ ಸಂಕಟ ಇಲ್ರಿ. ಫಕೀರೇಶಗ ಏನಂದ್ರಿ ಫೋನಿನಾಗ? ಅಕ್ಕಾನ ಕೈ ಓಡೂದಿಲ್ಲ ಅಂದ್ರಿ. ನಾ ಮರದ ಹಿಂದ ನಿಂತು ಕೇಳೇನಿ. ಕೇಳಿ, ಪಾಪ ನನ್ನ ಗಂಡ ನನ್ನ ಮುಂದ ಅನ್ನೂದಿಲ್ಲಲ್ಲ ಅಂತ ನಿಮ್ಮ ಮ್ಯಾಲ ಜೀವ ಮರುಗಿತ್ತು ನನಗ. ಶಮೀಮ ಕರದಾಗ ಒಲ್ಲೆ ಅಂದೆ. ನೀವು ಇಲ್ಲೇ ಕುಂತು ಪೇಪರ್ ಓದಾಕತ್ತಿದ್ರಿ. ಆವಾಗರ ಒಂದು ಮಾತು ಹೇಳಬಾರದಾಗಿತ್ತಾ?”

“ಹೇಳಬೇಕಂದೆ...”

“ಹೇಳಲಿಲ್ಲ.”

ಆಮೇಲೆ ಅವಳು ಒಂದೇ ಕೇಳಿದಳು: ಈಗಲೇ ಫಕೀರೇಶನಿಗೆ ಫೋನು ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಉಡಚಪ್ಪ ಫೋನು ತೆಗೆದ, ನಂಬರು ಒತ್ತಿದ, “ಫಕೀರೇಶ, ಆ ಗಾಡೀದು... ಸಣ್ಣ ಸ್ವಿಚ್ ಇತ್ತಪಾ, ಅದು ಸಿಕ್ತು ಈಗ,” ಎಂದು ತಡವರಿಸಿದ. ತಾನೇ ಅದನ್ನು ತಿರುವಿದೆ ಎಂದು ಹೇಳಲು ಅವನ ನಾಲಿಗೆ ಹೊರಳಲೇ ಇಲ್ಲ. ಪ್ರಭಾವತಿ ಅವನ ಕೈಯಿಂದ ಫೋನು ತೆಗೆದುಕೊಂಡು ತಾನೇ ಹೇಳಿದಳು. ಆ ಕಡೆ ತಮ್ಮ ಮೊದಲು ನಕ್ಕ. ಅಕ್ಕ ನಗುತ್ತಿಲ್ಲವೆಂದು ತಿಳಿದು ಸುಮ್ಮನಾದ.

ಅವಳು ಮನೆ ಬಿಟ್ಟು ಹೋಗಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು. ಆದರೆ ಮಾತಿನಲ್ಲಿ ಮೊದಲಿನ ‘ಏನ್ರೀ’ ಇರಲಿಲ್ಲ. ಅವನು, ಮಳೆ ಬರುವ ಹಾಗಿದೆ, ಬಟ್ಟೆ ತೆಗೆ ಎಂದರೆ ಅಂಗಳಕ್ಕೆ ಬಂದು ಆಕಾಶ ನೋಡಿದ ಮೇಲೆಯೇ ತೆಗೆಯುತ್ತಿದ್ದಳು. ಗ್ಯಾಸು ಬಂದ್ ಮಾಡಿದ್ದೇನೆ ಎಂದರೆ ಹೋಗಿ ಮುಟ್ಟಿ ನೋಡುತ್ತಿದ್ದಳು. ಬೇಕೆಂದು ಮಾಡುತ್ತಿರಲಿಲ್ಲ. ಕಾಲು ತಾನಾಗಿ ಎದ್ದು ಹೋಗುತ್ತಿತ್ತು. ಅವನಿಗೆ ಅದು ಕಾಣುತ್ತಿತ್ತು.

ಶಮೀಮಳಿಗೂ ಫೋನು ಮಾಡಿದಳು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. “ಮಳೀಗಾಲ ಮುಗಿದ ಮ್ಯಾಲ ಹೊಸ ಬ್ಯಾಚ್ ಮಾಡ್ತೇವಿ, ಆವಾಗ ಖಂಡಿತ ಬಾ,” ಎಂದಳು ಶಮೀಮ. ಯಾಕೆ ಮನಸ್ಸು ಬದಲಾಯಿತೆಂದು ಕೇಳಿದ್ದಕ್ಕೆ, “ಆಮ್ಯಾಲ ಹೇಳ್ತೇನಿ,” ಎಂದಳು ಪ್ರಭಾವತಿ. ಗಂಡ ಮಾಡಿದ್ದನ್ನು ಹೇಳಲು ಅವಳಿಗೇ ನಾಚಿಕೆಯಾಗುತ್ತಿತ್ತು. ತಪ್ಪು ಮಾಡಿದವನು ಅವನು, ನಾಚಿಕೆ ತನಗೇಕೆ ಎಂದು ತನ್ನ ಮೇಲೇ ರೇಗಿಕೊಂಡಳು.

ಕಾರಿನ ಲೈಸೆನ್ಸು ಅವಳಿಗೆ ಮೊದಲಿಂದಲೂ ಇತ್ತು. ಗಾಡಿಮನೆಯ ಬಾಲ ಕಟ್ಟಿಕೊಂಡ ಜೀಪು ಹೊಡೆಯುವುದನ್ನು ಕಲಿಸು ಎಂದು ಖಾದರಬಾಷಾನಿಗೆ ಹೇಳಿದಳು. ಅವನು ಒಳಗೊಳಗೇ ತನ್ನದೂ ತಪ್ಪೆಂದು ಕೊರಗುತ್ತಿದ್ದ, ತಕ್ಷಣ ಒಪ್ಪಿದ. ಕೆಂಪು ಕೀಲಿಯ ಸ್ವಿಚ್ಚನ್ನು ಅವಳು ಕಿತ್ತು, ತಂತಿಯನ್ನು ಬ್ಯಾಟರಿಯಿಂದ ಬೋಲ್ಟಿನವರೆಗೆ ಹೊಸದಾಗಿ ಎಳೆದಳು. ಈ ಸಲ ಪೈಪಿನ ಹೊರಗೆ, ಉದ್ದಕ್ಕೂ ಕಣ್ಣಿಗೆ ಕಾಣುವ ಹಾಗೆ.

ಮುಂದಕ್ಕೆ ಹೊಡೆಯುವುದು ಬೇಗ ಬಂತು. ಹಿಂದಕ್ಕೆ ತರುವುದು ಜೀವ ತಿನ್ನುತ್ತಿತ್ತು. ಒಂದು ಆದಿತ್ಯವಾರ ಬೆಳಿಗ್ಗೆ ಮನೆಯ ಗೇಟಿನೊಳಗೆ ಗಾಡಿಮನೆಯನ್ನು ಹಿಂದಕ್ಕೆ ತರುತ್ತಿದ್ದಳು. ಖಾದರಬಾಷಾ ರಸ್ತೆಯಲ್ಲಿ ಬರುವ ದನಗಳನ್ನು ತಡೆಯಲು ಹೋಗಿದ್ದ. ಗಾಡಿ ಓರೆಯಾಯಿತು. ಅವಳು ಸ್ಟೇರಿಂಗು ಎಡಕ್ಕೆ ಎಳೆಯಬೇಕೋ ಬಲಕ್ಕೋ ತಿಳಿಯದೆ ತಡೆದಳು.

“ಬಲಕ್ಕ! ಬಲಕ್ಕ ತಿರುವು ಪ್ರಭಾ!” ಕಟ್ಟೆಯ ಮೇಲಿಂದ ಉಡಚಪ್ಪ ಎದ್ದು ನಿಂತು ಕೂಗಿದ. “ಇಲ್ಲಾಂದ್ರ ಕಂಪೌಂಡಿಗೆ ಬಡೀತೈತಿ!”

ಊರೂರಿನ ಇಕ್ಕಟ್ಟಿನ ಬಸ್ ಸ್ಟ್ಯಾಂಡುಗಳಲ್ಲೆಲ್ಲ ಉದ್ದನೆಯ ಬಸ್ಸನ್ನು ಹಿಂದಕ್ಕೆ ತಂದ ಮನುಷ್ಯ. ಅವನಿಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಪ್ರಭಾವತಿ ಬ್ರೇಕು ಒತ್ತಿ, ಜೀಪು ಬಂದ್ ಮಾಡಿ ಕೆಳಗಿಳಿದಳು. ಗಾಡಿಮನೆಯ ಪಕ್ಕದಲ್ಲಿ ನಡೆದು ಹೋಗಿ ಹಿಂದಿನ ಮೂಲೆಗೂ ಕಂಪೌಂಡಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಬಗ್ಗಿ ನೋಡಿದಳು. ಒಂದು ಗೇಣು ಇತ್ತು, ಅಷ್ಟೆ. ಅವನು ಹೇಳಿದ್ದು ನಿಜವಾಗಿತ್ತು.

ಉಡಚಪ್ಪ ಕಟ್ಟೆಯ ಅಂಚಿನಲ್ಲಿ ಇನ್ನೂ ನಿಂತೇ ಇದ್ದ. ಅವಳು ಅವನ ಕಡೆ ಒಮ್ಮೆ ನೋಡಿದಳು, ತಲೆಯಾಡಿಸಲಿಲ್ಲ. ಮತ್ತೆ ಹತ್ತಿ ಕೂತು ಸ್ಟೇರಿಂಗನ್ನು ಬಲಕ್ಕೆ ತಿರುವಿದಳು.